ಕಾಲುಂಗ್ರ, ಕಣ್ಣುಂಗ್ರ

ಬಸ್ಸು ನಿಂತೇಬುಡ್ತು, ಕಿಟ್ಕಿ ಆಚೆ ಕಬ್ಬಿನ ಸೋಗೆ, ಕೈ ಚಾಚುದ್ರೆ ಸಿಕ್ಕೋಷ್ಟು ಅತ್ರ, ಕುಂತೂರು ಫ್ಯಾಕ್ಟ್ರಿ ಕಡೀಕ್ ಓಗೋ ಟ್ರ್ಯಾಕ್ಟ್ರು ಒಂದ್ರ ಇಂದ್ಕೊಂದು, ಒಂದೂ ಅಲ್ಲಾಡ್ತಿಲ್ಲ — ಇದೇ ಅಲ್ವಾ ಬೆಳಿಗ್ಗೆ ಕೊಳ್ಳೇಗಾಲ್ದಲ್ಲಿ ಡಾಕ್ಟ್ರು ಏಳುದ್ದು, ಚನ್ನಮಲ್ಲಮ್ಮ ಅನ್ಕತಾಳೆ, ನಿಮ್ಮ ಯಜಮಾನ್ರ ರಕ್ತಾನೂ ಹಿಂಗೇ ಕಣಮ್ಮ, ಲಿವರ್ರೇ ಫ್ಯಾಕ್ಟ್ರಿ, ಕೊಲೆಸ್ಟ್ರಾಲ್ ಹೊತ್ಕೊಂಡ್ ಬರೋವು ಟ್ರ್ಯಾಕ್ಟ್ರು, ಗೇಟಲ್ಲಿ ಲೋಡ್ ಇಳಿಸ್ಕೊಳ್ಳೋ ಆಳುಗಳಿರ್ತಾರೆ, ಎಂಜೈಮ್ ಅಂತ ಒಂದಿದೆ, ಆ ಆಳುಗಳ್ನ ಕೆಲ್ಸದಿಂದ ತೆಗೆಯೋ ಮೇಸ್ತ್ರಿ ಅನ್ಕೊಳ್ಳಿ, ಎಲ್ರಲ್ಲೂ ಇರ್ತಾನೆ, ಇವ್ರಲ್ಲಿ ಅತಿ ಮಾಡ್ತಾನೆ, ಆಳಿಲ್ಲ, ಲೋಡ್ ಇಳಿಯಲ್ಲ, ರೋಡೆಲ್ಲ ಜಾಮು, ಆ ರೋಡು ಅಂದ್ರೆ ಹಾರ್ಟಿನ ರಕ್ತನಾಳ. ಮತ್ತೆ ತುಪ್ಪ ಸಾ, ತುಪ್ಪ — ಅವ್ಳು ಕೇಳ್ದದ್ದು ಅದೊಂದೇ. ತುಪ್ಪ ಬಿಡೋದು ಒಳ್ಳೇದೇ, ಆದ್ರೆ ಇವ್ರಿಗೆ ಅದೊಂದ್ರಿಂದ ಇಳಿಯಲ್ಲ, ಲಿವರ್ರೇ ಒಳಗೆ ಕೊಬ್ಬು ತಯಾರ್ ಮಾಡ್ತದೆ, ತಯಾರ್ ಮಾಡೋದು ಇನ್ನೊಂದು ಎಂಜೈಮು, ಈ ಮಾತ್ರೆ ಅದ್ರ ಕೈ ಕಟ್ಟಾಕ್ತದೆ, ದಿನಾ ತಗೊಳ್ಳಿ. ಅಯ್ಯೋ ನನ್ ಶಿವ್ನೆ, ಯುಗಾದಿಯಿಂದ ಒಗ್ರಣೆ ಇಲ್ದ ಬಸ್ಸಾರು ಬಡ್ಸಿ ಬಡ್ಸಿ, ರಿಪೋಟ್ನಲ್ಲಿ ನಂಬ್ರು ಇಳೀದೇ ಇದ್ದಾಗೆಲ್ಲ ಅವ್ನ ಶರ್ಟ್ ಮೂಸ್ ನೋಡಿ, ಯಳಂದೂರ್ಗೆ ಓಗಿದ್ದಾ, ಆ ದೇವಮ್ಮಣ್ಣಿ ಮನೇಲ್ ಉಂಡ್ಯಾ, ಎಮ್ಮೆ ತುಪ್ಪ ಉಯ್ದ್ಳಾ ಅಂಗೈಗೆ, ನೆಕ್ದ್ಯಾ ಅಂತ ಎಷ್ಟ್ ಜಗ್ಳ, ಇಲ್ಲ ಕಣಮ್ಮಿ, ನಿನ್ನಾಣೆ, ತುಪ್ಪ ಮುಟ್ಟಿಲ್ಲ ಅಂತ ಶಾಂತಮೂರ್ತಿ ಗೋಗರುದ್ರೂ ನಂಬ್ನಿಲ್ಲ, ಅವ್ನು ನಿಜ್ವಾಗ್ಲೂ ಮುಟ್ಟಿರ್ನಿಲ್ಲ, ಪಾಪ, ತುಪ್ಪ ಮುಟ್ಟಿರ್ನಿಲ್ಲ.

ಆಮ್ಯಾಕ್ ಡಾಕ್ಟ್ರು ಅವ್ನ ಕಣ್ಗೆ ಟಾರ್ಚ್ ಬುಟ್ರು, ಗಲ್ಲ ಇಡ್ದು ಮಕ ಎತ್ತಿ, ಬನ್ನಿ ಅಮ್ಮ ನೀವೂ ನೋಡಿ, ಕಣ್ಣಿನ ಕಪ್ಪಿನ ಸುತ್ತ ಬೂದಿ ಬಣ್ಣದ್ ಉಂಗ್ರ, ಕಾಣ್ತಾ, ಅದು ಕೊಬ್ಬು, ವಯಸ್ಸಾದೋರಿಗೆ ಬಂದ್ರೆ ಬರ್ಲಿ, ಎಳೇ ವಯಸ್ಸಲ್ಲಿ ಕಂಡ್ರೆ ಮಾತ್ರ ಬಿಡ್ಬಾರ್ದು, ಅಪ್ಪನಿಂದ್ಲೋ ಅಮ್ಮನಿಂದ್ಲೋ ಬಂದಿರೋ ಚಾನ್ಸ್ ಜಾಸ್ತಿ, ಟೆಸ್ಟ್ ಮಾಡ್ಸಿ ಮಾತ್ರೆ ಶುರು ಮಾಡುದ್ರೆ ಬದುಕ್ತಾರೆ, ಬಿಟ್ರೆ ನಡುವಯಸ್ಸಿಗೇ ಅಟ್ಯಾಕು, ನಿಮ್ಮ ತಂದೆ? ನಲವತ್ ದಾಟ್ತಿದ್ದಂಗೇ ಪ್ರಾಣ ಓಯ್ತು ಸಾ, ಗದ್ದೆ ಬದಿನ್ ಮ್ಯಾಲೆ, ಅಂದ ಶಾಂತಮೂರ್ತಿ. ಮಕ್ಳಿದ್ರೆ ಕರ್ಕೊಂಡ್ ಬನ್ನಿ. ಮಕ್ಳಾಗ್ನಿಲ್ಲ ಸಾ — ಅಂದದ್ದು ಅವ್ಳು, ಅವ್ನಲ್ಲ, ಅವ್ನು ಬಗ್ಗಿ ಚಪ್ಲಿ ಪಟ್ಟಿ ಸರಿ ಮಾಡ್ಕತಿದ್ದ, ಪಟ್ಟಿ ನೆಟ್ಗೇ ಇತ್ತಲ್ಲ, ಮತ್ಯಾಕ್ ಬಗ್ಗುದ, ಮೂರ್ ದೇವ್ರಿಗೆ ಅರಕೆ ಒತ್ತು, ಕಂಡೋರ್ ಸೀಮಂತ್ದಲ್ಲಿ ಮೂಲೆ ಇಡ್ದು ಕೂತದ್ದು ಅವ್ಳು, ಕಾಲುಂಗ್ರ ಸವ್ಸಿದ್ದು ಅವ್ಳು, ಬಗ್ಗುದ್ದು ಅವ್ನು. ಡ್ರೈವರ್ ಕನ್ನಡೀಲಿ ಅವ್ನ ಮಕ ಕಾಣ್ತದ, ಇಂದಿನ ಸೀಟಲ್ಲಿ ಕೂತವ್ನೆ, ಮಾತ್ರೆ ಚೀಟಿ ಎದೆಗ್ ಅವ್ಚ್ಕಂಡು —

ದೊಡ್ಡವ್ವ, ಒಸಿ ಜರುಗಿ. ಯಾರವ್ವ — ಭವ್ಯಶ್ರೀ, ದೇವಮ್ಮಣ್ಣಿ ಮಗ್ಳು, ಬಿ.ಎಡ್ ಕಾಲೇಜಿನ ಬ್ಯಾಗು, ಬೆವ್ತೋಗವ್ಳೆ. ಆಟೋ ಅಲ್ಲೇ ನಿಂತೋಯ್ತು, ಟ್ರ್ಯಾಕ್ಟ್ರು ಸಂದೀಲ್ ನುಸ್ಕಂಡ್ ಬಂದೆ ಕನ ದೊಡ್ಡವ್ವ, ಬುಸ್ಲು ನೋಡಿ, ಕರೀ ಎಮ್ಮೆ ಆಗ್ಬುಟ್ಟೆ. ಎಮ್ಮೆ ನಿಮ್ಮನೇಲೇ ಇದ್ಯಲ್ಲ, ಇನ್ನೊಂದ್ಯಾಕ ಬುಡು. ಅವ್ಳು ಕಿಸಕ್ ಅಂತ ನಕ್ಕು ಇಂದಿಕ್ ತಿರುಗ್ತಾಳೆ, ದೊಡ್ಡಪ್ಪ, ಚೆನ್ನಾಗಿದ್ದೀರಾ — ದೊಡ್ಡಪ್ಪ, ಏನ್ ಪದ ಕಟ್ಟವ್ರೆ, ದೊಡ್ಡ ಅನ್ನೋದ ಕಿತ್ತಾಕುದ್ರೆ ಮಿಕ್ಕದ್ದೇನು, ರಕ್ತ್ದ ನೆಂಟಸ್ತಿಕೆ ಇಲ್ಲ, ಬರೀ ವರ್ಸೆಗೆ, ದೇವಮ್ಮಣ್ಣಿ ಗಂಡ ರುದ್ರಸ್ವಾಮಿ ಇವ್ನ್ನ ಅಣ್ಣ ಅಂತಾನೆ, ಆ ರುದ್ರಸ್ವಾಮಿ ಗುಂಡ್ಕಲ್ಲಂಗವ್ನೆ, ಅವ್ರಪ್ಪ ಎಂಬತ್ತಾದ್ರೂ ಬಿಳಿಗಿರಿರಂಗನ ಬೆಟ್ಟ ಅತ್ತಿ ಇಳೀತಾನೆ, ದೇವಮ್ಮಣ್ಣಿ ಅವ್ವ ಇವತ್ಗೂ ಕಣ ಮಾಡ್ತಾಳೆ, ಆ ಮನೇಲ್ ಯಾರ್ಗ್ ಎದೆ ನಿಂತದೆ, ಯಾರ ಕಣ್ಣಲ್ಲಿ — ಓದೊರ್ಸ ಹನೂರ್ ಮದ್ವೇಲಿ, ಪಂಕ್ತೀಲ್ ಕೂತಿದ್ರು, ಯಾವ್ಳೋ ಅಂದ್ಳು, ಏನ್ ದೇವಮ್ಮಣ್ಣಿ, ಮಗ್ಳ ಕಣ್ಗುಡ್ಡೆಗೆ ಬೆಳ್ಳಿ ಕಟ್ ಆಕ್ಸಿದ್ಯಾ, ಎಲ್ರೂ ಗೊಳ್ ಅಂದ್ರು, ಚನ್ನಮಲ್ಲಮ್ಮ ಮನ್ಸಲ್ಲೇ ಎಣ್ಸಿದ್ಳು, ಅವ್ಳಿಗ್ ಮಗ್ಳು, ಆ ಮಗ್ಳಿಗ್ ಕಣ್ಣು, ಕಣ್ಗೆ ಬೆಳ್ಳಿ ಬ್ಯಾರೆ, ಎಲ್ಲಾನೂ ಅವ್ಳಿಗೇ, ಎಲ್ರೂ ನಗ್ತಿದ್ರು, ಇಬ್ರು ನಗ್ನಿಲ್ಲ, ದೇವಮ್ಮಣ್ಣಿ ನಗ್ನಿಲ್ಲ, ಶಾಂತಮೂರ್ತಿ ಓಳ್ಗೆ ಮುರುದ್ ಕೈ ಅಂಗೇ ಎಲೆ ಮ್ಯಾಲ್ ಮಡಿಕ್ಕಂಡು —

ಡಾಕ್ಟ್ರು ಏನಂದ್ರು ದೊಡ್ಡವ್ವ, ದೊಡ್ಡಪ್ಪಂಗೆ? ಏನಿಲ್ಲ ಕನ, ಗ್ಯಾಸು. ಅಯ್ಯೋ ನಂಗೂ ಅದೇ, ಮೊನ್ನೆ ಬೆಟ್ಟದ್ ಮೆಟ್ಲಲ್ಲಿ ಎದೆ ಇಡ್ಕಂಡಂಗಾಯ್ತು, ಅವ್ವನೂ ಗ್ಯಾಸು ಅಂದ್ಳು. ಗ್ಯಾಸು ಅಂದ್ಳಂತೆ. ಅವ್ಳಿಗೇನ್ ಗೊತ್ತು ಮೇಸ್ತ್ರಿ ಕತೆ, ಗೊತ್ತಿರೋದು ಇಲ್ಲಿ ಗಂಡ ಎಂಡ್ತಿ ಇಬ್ರಿಗೆ, ನಾಳೀಕೇ ರಕ್ತ ಟೆಸ್ಟ್ ಮಾಡ್ಸವ್ವ ಅಂದ್ಬುಟ್ರೆ ಯಾಕ್ ದೊಡ್ಡವ್ವ ಅಂತಾಳೆ, ಯಾಕ್ ಅಂದ್ರೆ ಏನೇಳದು, ಏಳುದ್ರೆ ಗಂಡನ್ ಕತೆ ಊರ್ಗೆಲ್ಲ ಇವ್ಳೇ ಒಪ್ಕಂಡಂಗೆ, ಏಳ್ದಿದ್ರೆ, ಬುಡು ಅತ್ಲಾಗೆ, ಎತ್ತೋಳ್ಗಿಲ್ದ ಉರಿ ನಂಗ್ಯಾಕ, ಆ ದೇವಮ್ಮಣ್ಣೀನೂ ಒಂದ್ ದಿನ ಬರೀ ಮಡ್ಲು ನೋಡ್ಕಂಡ್ ಕೂತ್ಕಳ್ಳಿ — ತೂ, ಏನ್ ಬಾಯಿ ನಂದು, ಏನ್ ಮನ್ಸು, ತಾತನಂಗೆ ಇದೂ ಗದ್ದೆ ಬದಿನ್ ಮ್ಯಾಲೆ — ಯಾರ್ ತಾತ, ಯಾರ್ ತಾತನಂಗೆ — ಕನ್ನಡೀಲಿ ಅವ್ನು ಇವ್ಳನ್ನೇ ನೋಡ್ತವ್ನೆ, ಈಗ ಬಗ್ಗು, ಬಗ್ಲಾ ನೋಡವ, ಈಗ್ಯಾವ್ ಚಪ್ಲಿ — ಇವ್ಳ ಕೈ ತಾನಾಗೇ ಎದ್ದು ಹುಡ್ಗಿ ಗಲ್ಲ ಇಡೀತು, ಕಿಟ್ಕಿ ಬೆಳ್ಕಿಗ್ ತಿರುಗ್ಸ್ತು. ಏನ್ ದೊಡ್ಡವ್ವ, ಧೂಳ್ ಬಿದ್ದದಾ? ಊಂ ಕನ ಮಗ, ಕಣ್ ಬುಡು, ದೊಡ್ದಾಗ್ ಬುಡು. ಟ್ರ್ಯಾಕ್ಟ್ರು ಅಲ್ಲಾಡ್ತಿಲ್ಲ, ಸೋಗೆ ಅಲ್ಲಾಡ್ತಿಲ್ಲ, ಬುಸ್ಲು ನೆಟ್ಗೆ ಬಿದ್ದದ, ಕರೀ ಗುಡ್ಡೆ, ಅದ್ರ ಸುತ್ತ ಬೂದಿ ಗೆರೆ, ದುಂಡ್ಗೆ, ಎಲ್ಲೂ ಸವ್ದಿಲ್ಲ, ಉಂಗ್ರ.