ಮಾರಿತ್ಸಾಳ ಹೆಸರಿನ ಸಂಕಟ

ಭಾನುವಾರದ ಪತ್ರಿಕೆಯಲ್ಲಿ ಮಾರಿತ್ಸಾ ಬರೆದದ್ದು ಅಚ್ಚಾಯಿತು ನೋಡಿ, ದುಯಿತಾಮಾ ಊರಿಗೆ ಊರೇ ಕಣ್ಣೊರೆಸಿಕೊಂಡಿತು. ಬೊಯಾಕಾ ಸೀಮೆಯ ಬೆಟ್ಟಗಳನ್ನೆಲ್ಲ ಸೈಕಲ್ಲಿನ ಮೇಲೆ ಗೆದ್ದ ಹುಡುಗಿ, ತನಗೆ ಖಿನ್ನತೆಯ ಕಾಯಿಲೆ, ಸ್ಪರ್ಧೆ ಹತ್ತಿರವಾದರೆ ಉಸಿರು ಕಟ್ಟಿ ಬಚ್ಚಲಲ್ಲಿ ಮುದುಡಿ ಕೂರುತ್ತೇನೆ ಅಂತ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಳು. ಬೇಕರಿಯವನು ಸೈಕಲ್ ತಂಡದ ಹುಡುಗಿಯರಿದ್ದ ಮನೆಗೆ ಬುಟ್ಟಿ ತುಂಬ ಬಿಸಿ ಅರೇಪಾ ರೊಟ್ಟಿ ಕಳಿಸಿದ.

ಅದೇ ತಂಡದ ನೂಬಿಯಾ ಆ ಬರಹವನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು. ಕೈಯಲ್ಲಿದ್ದ ಬೆಲ್ಲದ ನೀರು ಆರಿಹೋಯಿತು. 'ಶೂ ಒಳಗೆ ಕಾಲು ತೂರಿಸುವುದೇ ಎಲ್ಲಕ್ಕಿಂತ ದೊಡ್ಡ ಬೆಟ್ಟ.' 'ಎದೆಯೊಳಗೆ ಯಾರೋ ಒದ್ದೆ ಕಂಬಳಿ ಮಡಚಿಟ್ಟ ಹಾಗೆ.' ಅಕ್ಷರಕ್ಕೆ ಅಕ್ಷರ ನೂಬಿಯಾಳದೇ ಮಾತು. ಹೋದ ವರ್ಷ ಯಾವುದೋ ಊರಿನ ಹೋಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆಯಾದಾಗ, ಗೋಡೆಯ ಕಡೆ ಮುಖ ಮಾಡಿ ಮಾರಿತ್ಸಾಳಿಗೆ ಹೇಳಿಕೊಂಡದ್ದು.

ನೂಬಿಯಾ ಗೆಲ್ಲುವವಳಲ್ಲ, ಗೆಲ್ಲಿಸುವವಳು. ಮಾರಿತ್ಸಾಳ ಮುಂದೆ ಗಾಳಿಗೆ ಎದೆಕೊಟ್ಟು ತುಳಿಯುವುದು, ಹಿಂದೆ ಬರುವ ತಂಡದ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ತಂದುಕೊಡುವುದು, ಅವಳ ಚಕ್ರ ಪಂಕ್ಚರಾದರೆ ತನ್ನದನ್ನು ಬಿಚ್ಚಿ ಕೊಟ್ಟು ತಾನು ರಸ್ತೆ ಬದಿ ನಿಲ್ಲುವುದು, ಇದು ಅವಳ ಕಸುಬು. ಈಚೆಗೆ ಬೆಳಗಾಯಿತೆಂದರೆ ಅವಳಿಗೆ ಮೈ ನಡುಕ. ಮನಸ್ಸಿನ ಡಾಕ್ಟರಿಗೆ ತೋರಿಸಬೇಕು, ಕೊಂಚ ದಿನ ಸೈಕಲ್ಲು ಬಿಡಬೇಕು. ಆದರೆ ಬಾಯಿಬಿಟ್ಟರೆ ತಂಡದಲ್ಲಿ ಜಾಗ ಹೋಗುತ್ತದೆ.

ಮಾರಿತ್ಸಾ ಜಡೆ ಹೆಣೆದುಕೊಳ್ಳುತ್ತ ಕೂತಿದ್ದಳು. ನೂಬಿಯಾ ಪತ್ರಿಕೆಯನ್ನು ಅವಳ ಮುಂದೆ ಹಿಡಿದಳು.

"ಏನೇ ಇದು?"

"ಬೈಬೇಡ ಕಣೇ. ಕಾಯಿಲೆ ನಂದೇ, ದೇವರಾಣೆ. ಹೇಳೋಕೆ ಮಾತು ಸಿಗಲಿಲ್ಲ. ನೀನಂತೂ ಬರೀತಿರಲಿಲ್ಲ."

"ಒಂದು ಮಾತು ಕೇಳಬಹುದಿತ್ತಲ್ಲ?"

"ನೀರು ಬೇಕಾದಾಗ ಕೇಳ್ತೀನಾ? ಕೈ ಚಾಚ್ತೀನಿ, ನೀನು ಕೊಡ್ತೀಯ."

ಅಂದು ನಕ್ಕಳು. ಆ ನಗುವಿನಲ್ಲಿ ಕೇಡಿರಲಿಲ್ಲ. ನೂಬಿಯಾಳಿಗೆ ರೇಗಿದ್ದು ಅದಕ್ಕೇ.

ಅವತ್ತೇ ತಂಡದ ಮ್ಯಾನೇಜರ್ ಎಫ್ರಾಯಿನ್ ಕ್ಯಾಮೆರಾಗಳ ಮುಂದೆ, "ನನ್ನ ಹುಡುಗಿಯರಲ್ಲಿ ಯಾರಿಗೆ ಮನಸ್ಸು ಭಾರವಾದರೂ ಸರಿ, ನನ್ನ ಬಾಗಿಲು ತೆರೆದಿದೆ" ಅಂದ. ಸೋಮವಾರ ನೂಬಿಯಾ ಹೋದಳು. ಬಾಗಿಲೇನೋ ತೆರೆದೇ ಇತ್ತು.

"ಶೂ ಒಳಗೆ ಕಾಲು ಹಾಕೋದೇ ಬೆಟ್ಟ ಆಗಿದೆ ಸರ್. ಎದೆಯಲ್ಲಿ ಒದ್ದೆ ಕಂಬಳಿ ಇಟ್ಟ ಹಾಗೆ..."

ಎಫ್ರಾಯಿನ್ ಹೊಟ್ಟೆ ಕುಲುಕಿಸಿ ನಕ್ಕ. "ಅಯ್ಯೋ ತಾಯಿ, ಬಾಯಿಪಾಠ ಮಾಡ್ಕೊಂಡು ಬಂದಿದೀಯಾ? ನಾನೂ ಪೇಪರ್ ಓದ್ತೀನಮ್ಮ."

"ಅದು ನನ್ನ ಮಾತು ಸರ್. ಅವಳಿಗೆ ನಾನೇ ಹೇಳಿದ್ದು."

"ಹೌದಾ? ಬೆಟ್ಟಗಳನ್ನೂ ನೀನೇ ಗೆದ್ದಿದ್ದೋ?" ಅಂಗಳದಲ್ಲಿದ್ದ ಮಾರಿತ್ಸಾಳನ್ನು ಕೂಗಿ ಕರೆದ. "ಪೇಪರಿನ ಮಾತು ತನ್ನದು ಅಂತಾಳೆ ಇವಳು, ನಿಜವೇನಮ್ಮ?"

ಮಾರಿತ್ಸಾ ನೂಬಿಯಾಳನ್ನು ನೋಡಲಿಲ್ಲ. "ಪಾಪ, ಸುಸ್ತಾಗಿದಾಳೆ ಸರ್. ಸ್ವಲ್ಪ ರಜೆ ಕೊಡಿ" ಅಂದು ಹೊರಟುಹೋದಳು.

ತನ್ನ ಸಂಕಟಕ್ಕೆ ಬೇರೆ ಮಾತು ಸಿಕ್ಕೀತೇ ಅಂತ ನೂಬಿಯಾ ಒಳಗೆಲ್ಲ ತಡಕಾಡಿದಳು. ಒಂದೂ ಸಿಗಲಿಲ್ಲ. ಇದ್ದದ್ದು ಅವೇ ಎರಡು. ಈಗ ಅವಕ್ಕೆ ಇನ್ನೊಬ್ಬಳ ಹೆಸರು.

"ನೋಡು," ಎಫ್ರಾಯಿನ್ ದನಿ ತಗ್ಗಿಸಿದ. "ಗೆದ್ದೋಳು ಅತ್ತರೆ ಜನ ಹೂ ತರ್ತಾರೆ. ನೀರು ತರೋಳು ಅತ್ತರೆ ನಾನು ಇನ್ನೊಬ್ಬಳನ್ನ ಹುಡುಕಬೇಕು. ನಿನಗೆ ಮೊಣಕಾಲು ನೋವು ಅಂತ ಎಲ್ಲರಿಗೂ ಹೇಳ್ತೀನಿ. ಊರಿಗೆ ಹೋಗಿ ಬಾ, ಜಾಗ ಉಳಿಸ್ತೀನಿ. ಕಾಯಿಲೆ ಗೀಯಿಲೆ ಅಂತ ಡಾಕ್ಟರ್ ಹತ್ರ ಹೋಗಿ ಸುದ್ದಿ ಮಾಡಬೇಡ. ಆಯ್ತಾ?"

"ಆಯ್ತು ಸರ್."

ಜಾಗ ಉಳಿಯಿತು.

ಊರಲ್ಲಿ ಅವಳ ಅಮ್ಮ ಬ್ರಿಸೇಯ್ದಾ, ಕೋಸಿನ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಮಗಳ ಮೊಣಕಾಲಿಗೆ ಸುತ್ತಿದಳು. ರೇಡಿಯೋದಲ್ಲಿ ಮಾರಿತ್ಸಾ ಮಾತಾಡುತ್ತಿದ್ದಳು.

"ಪಾಪದ ಕೂಸು," ಅಮ್ಮ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಎದೆಯಲ್ಲಿ ಒದ್ದೆ ಕಂಬಳಿ ಅಂತಲ್ಲೇ! ಅವಳ ಹೆಸರಲ್ಲಿ ಚರ್ಚಿನಲ್ಲಿ ಮಾತೆಗೆ ಮೇಣದಬತ್ತಿ ಹಚ್ಚಿ ಬಂದೆ. ನಿಂದೇನು ಬಿಡು, ಕಾಲು ತಾನೇ, ವಾಸಿಯಾಗುತ್ತೆ." ಹೆಬ್ಬೆರಳಿಂದ ಒತ್ತಿ ಕೇಳಿದಳು, "ಇಲ್ಲಿ ನೋಯುತ್ತಾ ಮಗಳೇ?"

"ಹೂನಮ್ಮ, ಅಲ್ಲೇ," ಅಂದಳು ನೂಬಿಯಾ. "ಇನ್ನೂ ಬಿಗಿಯಾಗಿ ಕಟ್ಟು."