ನಾಯಿಯ ತಟ್ಟೆ

ಇಲೊನಾ ಆಂಟಿಗೆ ಎಂಬತ್ತೆಂಟು ವರ್ಷ. ಹದಿನೆಂಟರ ಹುಡುಗಿಯಾಗಿದ್ದಾಗ ಯಹೂದಿಯೆಂಬ ಒಂದೇ ಕಾರಣಕ್ಕೆ ನಾಜಿಗಳು ಅವರನ್ನು ಇಟ್ಟಿಗೆ ಕಾರ್ಖಾನೆಯೊಂದರಲ್ಲಿ ಜೀತಕ್ಕೆ ಹಾಕಿದ್ದರು. ಆ ನೆನಪುಗಳನ್ನು ಅವರ ಮೊಮ್ಮಕ್ಕಳಿಗಾಗಿ ಬರೆದುಕೊಡುವ ಕೆಲಸವನ್ನು ನಿಖತ್ ತಾನಾಗಿಯೇ ಒಪ್ಪಿಕೊಂಡಿದ್ದಳು. ಪರದೇಶದ ಟೌರಂಗಾ ಎಂಬ ಊರಿನ ವೃದ್ಧಾಶ್ರಮದಲ್ಲಿ ಆಂಟಿಯ ಆರೈಕೆ ಅವಳದೇ.

ಮಧ್ಯಾಹ್ನದ ಚಹಾದ ಹೊತ್ತಿಗೆ ಬರೆದದ್ದನ್ನೆಲ್ಲ ಆಂಟಿಗೆ ಓದಿ ಹೇಳಿ ಮುಗಿಸಿದಳು. ಆಂಟಿ ಹುಬ್ಬೇರಿಸಿದರು.

"ನನ್ನ ನಾಯಿ ಎಲ್ಲಿ?"

ನಿಖತ್ ತಲೆ ತಗ್ಗಿಸಿದಳು. ಕಾವಲುಗಾರನ ನಾಯಿಯ ತಟ್ಟೆಯಿಂದ ಆಂಟಿ ದಿನವೂ ಗಂಜಿ ಕದ್ದು ತಿಂದದ್ದನ್ನು ಬಿಟ್ಟು, 'ಎಲ್ಲೋ ಸ್ವಲ್ಪ ಬ್ರೆಡ್ ಸಿಕ್ಕಿತು' ಎಂದು ತೇಲಿಸಿಬಿಟ್ಟಿದ್ದಳು. ಅಜ್ಜಿ ನಾಯಿಯ ಎಂಜಲು ತಿಂದರೆಂದು ಮೊಮ್ಮಕ್ಕಳಿಗೆ ಹೇಳುವುದುಂಟೇ? ದಾವಣಗೆರೆಯಲ್ಲಿ ಬೆಳೆದ ಅವಳಿಗೆ ಅದನ್ನು ಬರೆಯಲು ಕೈ ಬಂದಿರಲಿಲ್ಲ.

"ನಿಮ್ಮ ಮರ್ಯಾದೆ, ಆಂಟಿ..."

"ನನ್ನ ಮರ್ಯಾದೆ ಉಸಾಬರಿ ನಿನಗ್ಯಾಕಮ್ಮಾ? ಬ್ರೆಡ್ಡಂತೆ ಬ್ರೆಡ್ಡು! ಅಲ್ಲಿ ಮನುಷ್ಯರೆಲ್ಲ ನನ್ನ ಮೇಲೆ ಬೊಗಳ್ತಿದ್ರು. ಸುಮ್ನಿದ್ದದ್ದು ಆ ನಾಯಿ ಒಂದೇ. ಒಂದ್ಸಲ ಬೊಗಳಿದ್ರೂ ನನ್ನ ಗುಂಡಿಕ್ಕಿ ಕೊಲ್ತಿದ್ರು. ಅದು ಅರ್ಧ ತಿಂದು, ಪಕ್ಕಕ್ಕೆ ಸರಿದು ಕೂತ್ಕೊಳ್ತಿತ್ತು. ನನ್ನ ಮೊಮ್ಮಕ್ಕಳು ಇವತ್ತು ಇರೋದೇ ಅದರಿಂದ. ಅವರಿಗೆ ಗೊತ್ತಾಗೋದು ಬೇಡ್ವಾ?"

ನಿಖತ್ ಬ್ರೆಡ್ಡಿನ ಸಾಲನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದಳು.

"ಯಾವ ಬಣ್ಣ ಇತ್ತು ಆಂಟಿ?"

"ಕಂದು. ಒಂದು ಕಿವಿ ಮಡಚ್ಕೊಂಡಿತ್ತು. ಭಾರಿ ಸೋಮಾರಿ," ಎನ್ನುತ್ತ ಆಂಟಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಹಳೆಯ ಗೆಳೆಯನ ಸುದ್ದಿ ಹೇಳುವವರ ಹಾಗೆ ಖುಷಿಯಿಂದ ಶುರುಮಾಡಿದರು.