ಎಡದ ಪೆಡಲು

ಗುರುವಾರ ಬೆಳಿಗ್ಗೆ ಐದು ಹತ್ತಕ್ಕೆ ಅವನ ಫೋನು ಬಡಿದುಕೊಂಡಿತು.

ನನ್ನ ಗಂಡನ ಅಂತ್ಯಕ್ರಿಯೆ ಮುಗಿದು ಆರು ದಿನವಾಗಿತ್ತು. ಕೊನೆಯ ನೆಂಟರು ಹಿಂದಿನ ಸಂಜೆ ಹೊರಟಿದ್ದರು. ಬಾಡಿಗೆಯ ಕುರ್ಚಿಗಳೂ ಅವರ ಬೆನ್ನಿಗೇ ಹೋಗಿದ್ದವು. ಮನೆಯಲ್ಲಿ ಉಳಿದದ್ದು ನಾನು, ಅತ್ತೆ, ಮತ್ತು ಹಜಾರದ ಗೋಡೆಗೆ ಒರಗಿ ನಿಂತ ಅವನ ಸೈಕಲ್ಲು. ಯಾರಿಗೂ ಕಾಫಿ ಮಾಡಿಕೊಡಬೇಕಿಲ್ಲದ ಮೊದಲ ಬೆಳಗು.

ಫೋನಿನ ಪರದೆಯ ಮೇಲೆ ಅವನೇ ಬರೆದಿಟ್ಟ ಸಾಲು: ‘ಸೆಕೆಂಡ್ ಮುಳ್ಳಿನ ಪೆಡಲ್ ಬಿಚ್ಚು. ಭಾನುವಾರದೊಳಗೆ ವಾಪಸ್. ಇಲ್ದಿದ್ರೆ ಮುದುಕ ಬೆಟ್ಟ ಹತ್ತಲ್ಲ.’ ಕೆಳಗೆ ಎರಡು ಗುಂಡಿ. ಒಂದು ‘ಮುಗಿಯಿತು’, ಇನ್ನೊಂದು ‘ಆಮೇಲೆ’. ನಾನು ‘ಆಮೇಲೆ’ ಒತ್ತಿದೆ.

ಸೈಕಲ್ಲಿನಿಂದ ಬಿದ್ದು ಹೋದನಾ ಎಂದು ಬಂದವರೆಲ್ಲ ಮೊದಲು ಕೇಳಿದ್ದರು. ಅಲ್ಲ. ಆಫೀಸಿನ ಮೆಟ್ಟಿಲ ಮೇಲೆ, ಹೃದಯ ನಿಂತು. ವಯಸ್ಸು ಮೂವತ್ನಾಲ್ಕು. ವಾರಕ್ಕೆ ಇನ್ನೂರು ಕಿಲೋಮೀಟರು ಸೈಕಲ್ ತುಳಿಯುತ್ತಿದ್ದವನು ಎರಡನೇ ಮಹಡಿ ತಲುಪಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ಹೇಳಲು ಬರುವುದಿಲ್ಲ. ಅಳುವೂ ಬಂದಿರಲಿಲ್ಲ. ನೀರಿನ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನ ನಾಲಿಗೆಗೆ ಉಪ್ಪು, ಸಕ್ಕರೆ ಎರಡೂ ಒಂದೇ ಆಗಿತ್ತು. ಹಲ್ಲಿನ ಡಾಕ್ಟರು ವಸಡಿಗೆ ಚುಚ್ಚಿದ ಮೇಲೆ ತುಟಿ ಇದೆಯೋ ಇಲ್ಲವೋ ಎಂದು ಬೆರಳಿಂದ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ನಾನು ಹಾಗೆ ನನ್ನನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅವನ ಗೆಳೆಯರು ಅವನನ್ನು ಗ್ರಾಮು ಎಂದು ಕರೆಯುತ್ತಿದ್ದರು. ಸೈಕಲ್ಲಿನ ಒಂದೊಂದು ಬೋಲ್ಟನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದವನು. ಹನ್ನೊಂದು ಗ್ರಾಮು ಉಳಿಸಲು ಮೂರು ವಾರ ಯೋಚಿಸಿ ಹೊಸ ಸೀಟು ಆರಿಸಿದ. ಟೈರಿನ ಅಗಲ ಇಪ್ಪತ್ತೈದು ಮಿಲಿಮೀಟರಿರಬೇಕೋ ಇಪ್ಪತ್ತೆಂಟೋ ಎಂದು ನಮ್ಮ ಮದುವೆಯ ಮೊದಲ ವರ್ಷವಿಡೀ ಚರ್ಚೆ ನಡೆಯಿತು. ಸವಾರಿಗೆ ಮುಂಚೆ ಒಂದು ಲೋಟ ನೀರು ಕಮ್ಮಿ ಕುಡಿದರೆ ಇನ್ನೂರು ಗ್ರಾಮು ಇಳಿಯುತ್ತೆ ಎಂದು ನಾನಂದರೆ, ನಿಜವಾಗಿಯೂ ಯೋಚಿಸುತ್ತಾ ಕೂರುತ್ತಿದ್ದ. ಅವನ ಫೋನಿನ ಪಾಸ್‌ವರ್ಡು 7840. ಸೈಕಲ್ಲಿನ ತೂಕ, ಗ್ರಾಮಿನಲ್ಲಿ. ನನ್ನ ಹುಟ್ಟಿದ ದಿನ ಅವನಿಗೆ ನೆನಪಿರುತ್ತಿರಲಿಲ್ಲ.

“ಏನದು, ಬೆಳಗಾಗೋಕೆ ಮುಂಚೆ?” ಅತ್ತೆ ಎದ್ದು ಬಂದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಜೋಡಿಸಿದವರು. ಅವರಿಗೆ ಗಂಟೆ ಬಾರಿಸಿದ್ದು ಕೇಳಿಸದೆ ಇರುವುದಿಲ್ಲ.

ಪರದೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು.

“ಸತ್ತ ಮೇಲೂ ಕೆಲಸ ಹೇಳ್ತಾನಲ್ಲ, ಕತ್ತೆ,” ಅಂದರು. ಆಮೇಲೆ, “ಯಾರದು ಸೆಕೆಂಡ್ ಮುಳ್ಳು?”

ನನಗೆ ಆ ಮುಖ ಗೊತ್ತಿತ್ತು, ಪೆಡಲಿನ ವಿಷಯ ಗೊತ್ತಿರಲಿಲ್ಲ. ಎಂಟು ಗಂಟೆಗೆ ದಂತವೈದ್ಯೆಗೆ ಫೋನು ಮಾಡಿದೆ. ಅವರೂ ಅವನ ಸೈಕಲ್ ಗುಂಪಿನವರೇ. ಇಳಿಜಾರಿನಲ್ಲಿ ಹಿಡಿದ ಬ್ರೇಕು ಬಿಡುವುದಿಲ್ಲವಾದ್ದರಿಂದ ಅವರ ಹೆಸರು ಬ್ರೇಕಮ್ಮ.

“ಅಯ್ಯೋ, ಆ ಪೆಡಲ್ಲಾ!” ಎಂದರು ಬ್ರೇಕಮ್ಮ. “ಗಡಿಯಾರ ರಿಪೇರಿ ಮಾಡ್ತಾರಲ್ಲ, ಅವರದ್ದು. ಕಾಲು ಅಷ್ಟು ಬೇಗ ತಿರುಗಿಸ್ತಾರೆ ಅಂತ ಸೆಕೆಂಡ್ ಮುಳ್ಳು. ಅವರ ಮಂಡಿ ಹಾಳಾಗಿದೆ ಕಣ್ರೀ. ಈ ಪೆಡಲ್‌ನಲ್ಲಿ ಪಾದ ಆ ಕಡೆ ಈ ಕಡೆ ಸ್ವಲ್ಪ ಹೊರಳುತ್ತೆ, ಮಂಡಿಗೆ ಆರಾಮ. ಈಗ ಇಂಥದ್ದು ತಯಾರಾಗಲ್ಲ. ಗ್ರಾಮೂಗೂ ಮಂಡಿ ನೋವು ಬಂತಲ್ಲ, ಎರಡು ವಾರ ಹಾಕ್ಕೊಂಡು ನೋಡು ಅಂತ ಕೊಟ್ಟಿದ್ರು.”

“ಭಾನುವಾರ ಏನಿದೆ?”

“ಅವರಿಗೆ ಅರವತ್ತೈದು ತುಂಬುತ್ತೆ. ಪ್ರತಿ ವರ್ಷ ಹುಟ್ಟಿದ ದಿನ ಬೆಟ್ಟ ಹತ್ತೋದು ಅವರ ಲೆಕ್ಕ. ಮೂವತ್ತಾರು ತಿರುವು. ಇಪ್ಪತ್ತೆರಡು ವರ್ಷದಿಂದ ಒಂದು ಸಲಾನೂ ತಪ್ಪಿಸಿಲ್ಲ. ನಾವೆಲ್ಲ ಐದೂವರೆಗೆ ಹೊರಡ್ತೀವಿ, ಈ ಸಲ ಅವರು ಹೋಗಲ್ಲ ಅಂತಿದಾರೆ. ಪೆಡಲ್ ಕೇಳಿ ಅಂದ್ರೆ, ಆ ಮನೆಗೆ ಹೋಗಿ ಪೆಡಲ್ ಕೇಳೋದಾ, ನಾಚಿಕೆ ಇಲ್ವಾ ಅಂತ ನಂಗೇ ಬೈದ್ರು.” ಸ್ವಲ್ಪ ತಡೆದು, “ನಾನು ಬಂದು ತಗೊಂಡು ಹೋಗ್ಲಾ?”

“ಬೇಡ. ನಾನೇ ಕೊಡ್ತೀನಿ.”

“ಹಾಗಾದ್ರೆ ಫೋನ್ ಮಾಡಿ ಹೇಳಬೇಡಿ. ಬೇಡಮ್ಮ ಅಂದುಬಿಡ್ತಾರೆ. ಕೈಗೇ ಕೊಡಿ.”

ಪ್ರಯೋಗಾಲಯಕ್ಕೆ ಹೋಗಿ ಬಂದೆ. ಸಂಜೆ ಅವನ ಡಬ್ಬಿಯಿಂದ ಸ್ಪ್ಯಾನರು ತೆಗೆದೆವು. ಸೈಕಲ್ಲಿನ ಬಲಗಡೆ ಗೋಡೆಗಿತ್ತು, ಆದ್ದರಿಂದ ಎಡದ ಪೆಡಲಿನಿಂದ ಶುರು ಮಾಡಿದೆವು. ಆ ಪೆಡಲು ನೋಡಲು ಏನೂ ಅಲ್ಲ, ಒಂದು ದಪ್ಪ ಗುಂಡಿಯಷ್ಟು.

“ಎಡಕ್ಕೆ ತಿರುಗಿಸು,” ಎಂದರು ಅತ್ತೆ. “ಬಾಟಲಿ ಮುಚ್ಚಳ ಹ್ಯಾಗೆ, ನಲ್ಲಿ ಹ್ಯಾಗೆ, ಹಾಗೆ.”

ನಾನು ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಸ್ಪ್ಯಾನರು ಸಿಕ್ಕಿಸಿ ಎಡಕ್ಕೆ ಒತ್ತಿದೆ. ಪೆಡಲು ಬಿಚ್ಚಲಿಲ್ಲ, ಸೈಕಲ್ಲು ಮುಂದೆ ಹೊರಟಿತು. ಹ್ಯಾಂಡಲ್ ಹಿಡಿದಿದ್ದ ಅತ್ತೆ ಅದರ ಜೊತೆ ನಾಲ್ಕು ಹೆಜ್ಜೆ ಓಡಿದರು.

“ಇದಕ್ಕೆ ಎಲ್ಲೋ ಹೋಗೋದಿದೆ ಕಣೇ!”

ಮುಂದಿನ ಚಕ್ರವನ್ನು ಫ್ರಿಜ್ಜಿಗೆ ಆನಿಸಿದೆವು. ನಾನು ಮತ್ತೆ ಒತ್ತಿದೆ. ಫ್ರಿಜ್ಜು ಕದಲಿತು, ಪೆಡಲು ಕದಲಲಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು, “ಸರಿ ಆಚೆಗೆ, ನಿಂಗೆ ತೂಕವೇ ಇಲ್ಲ,” ಎಂದು ಸ್ಪ್ಯಾನರಿನ ಮೇಲೆ ಎರಡೂ ಕೈಯೂರಿ ನೇತುಬಿದ್ದರು. ಎಲ್ಲೋ ಒಳಗೆ ಕಿರ್ ಎಂದಿತು.

“ಬಂತು!”

“ಬಂತಾ?”

ಬಂದಿರಲಿಲ್ಲ. ಸ್ಪ್ಯಾನರು ಜಾರಿ ಅತ್ತೆ ನೆಲದ ಮೇಲೆ ಕೂತರು. ಕೂತವರು ಏಳಲಿಲ್ಲ. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದು ಹತ್ತಿರ ಹೋದೆ. ನಗುತ್ತಿದ್ದರು.

“ಇನ್ನೂರು ಗ್ರಾಮ್ ಇರೋ ಸಾಮಾನು,” ಎಂದರು ಉಸಿರು ಸಿಗದೆ. “ಇಬ್ಬರು ಹೆಂಗಸರನ್ನ ಎತ್ತಿ ಒಗೀತಲ್ಲೇ.”

ಬಲಗಡೆಯದು ಒಂದೇ ಏಟಿಗೆ ಬಿಚ್ಚಿಕೊಂಡಿತು. ಹಾಗಾಗಿ ಎಡದ್ದಕ್ಕೆ ತುಕ್ಕು ಹಿಡಿದಿದೆ ಎಂದು ತೀರ್ಮಾನಿಸಿದೆವು. ಎಣ್ಣೆ ಬಿಟ್ಟು ಶುಕ್ರವಾರವಿಡೀ ನೆನೆಯಲು ಬಿಟ್ಟೆವು. ಶುಕ್ರವಾರ ಸಂಜೆ ಇಬ್ಬರೂ ಸೇರಿ ಎಡಕ್ಕೇ ಒತ್ತಿದೆವು. ಮೂಲೆಯ ಸೈಕಲ್ ಅಂಗಡಿಯ ಬಾಗಿಲಲ್ಲಿ ‘ಸೋಮವಾರ ತೆರೆಯುತ್ತೆ’ ಎಂಬ ಚೀಟಿ ನೇತಾಡುತ್ತಿತ್ತು. ಈ ನಡುವೆ ಫೋನು ತನಗೆ ಮನಸ್ಸು ಬಂದಾಗೆಲ್ಲ ನೆನಪಿಸುತ್ತಿತ್ತು.

“ಮುಗಿಯಿತು ಅಂತ ಒತ್ತಿಬಿಡಬಾರದಾ?” ಎಂದರು ಅತ್ತೆ.

“ಮುಗಿದಿಲ್ಲವಲ್ಲ.”

ಶನಿವಾರ ಬೆಳಿಗ್ಗೆ ಬಲದ ಪೆಡಲನ್ನು ಮತ್ತೆ ಹಾಕಿದೆ. ಪೆಡಲು ಸೈಕಲ್ಲನ್ನು ಬಿಡದಿದ್ದರೆ ಸೈಕಲ್ಲೇ ಹೋಗಬೇಕು. ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಗಡಿಯಾರದ ಅಂಗಡಿ ಆರು ಕಿಲೋಮೀಟರು.

“ತಳ್ಕೊಂಡು ಹೋಗ್ತೀಯಾ?”

“ತುಳ್ಕೊಂಡು.”

ಅತ್ತೆ ನನ್ನ ಮುಖ ನೋಡಿದರು. ನಾನು ಸೈಕಲ್ ಬಿಟ್ಟು ಹದಿನೈದು ವರ್ಷವಾಗಿತ್ತು. ಕಲಿಸುತ್ತೇನೆ ಬಾ ಎಂದು ಅವನು ಕರೆದಾಗೆಲ್ಲ, ನೀನು ಮೊದಲು ಬಟ್ಟೆ ಮಡಚುವುದು ಕಲಿ ಅನ್ನುತ್ತಿದ್ದೆ. ಅತ್ತೆ ಒಳಗೆ ಹೋಗಿ ಅವನ ಹೆಲ್ಮೆಟ್ ತಂದು ನನ್ನ ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದರು. “ಬಿದ್ರೆ ಮೆತ್ತಗಿರೋ ಕಡೆ ಬೀಳು,” ಎಂದರು.

ಸೀಟನ್ನು ಆದಷ್ಟು ಇಳಿಸಿದ್ದೆ. ಆದರೂ ಕಾಲ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಮೂರು ವಾರ ಯೋಚಿಸಿ ಆರಿಸಿದ ಆ ಸೀಟು ಪರೀಕ್ಷಾ ಕೊಠಡಿಯ ಬೆಂಚಿಗಿಂತ ಗಟ್ಟಿ. ಬೆನ್ನು ಬಗ್ಗಿಸಿದರೆ ಮುಂದಿನ ಚಕ್ರವಲ್ಲದೆ ಬೇರೇನೂ ಕಾಣುವುದಿಲ್ಲ. ಎತ್ತಿದರೆ ಬ್ರೇಕು ಕೈಗೆ ಸಿಗುವುದಿಲ್ಲ. ಆ ಪೆಡಲುಗಳು ಅವಕ್ಕೆಂದೇ ಮಾಡಿದ ಬೂಟಿನ ಅಡಿಗೆ ಕಚ್ಚಿಕೊಳ್ಳಬೇಕಾದವು. ನನ್ನ ಕ್ಯಾನ್ವಾಸ್ ಬೂಟಿನ ಕೆಳಗೆ ಸೋಪಿನಂತೆ ಜಾರಿದವು.

ಮೊದಲ ತಿರುವಿನಲ್ಲೇ ಎಡಗಾಲು ಜಾರಿ, ಪೆಡಲು ಒಂದು ಸುತ್ತು ಬಂದು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. “ಅಮ್ಮಾ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ನೋವಾಯಿತು. ಚೆನ್ನಾಗಿಯೇ ನೋವಾಯಿತು. ಕಾಲು ನನ್ನದೇ ಎಂದು ಮುಟ್ಟಿ ನೋಡಿಕೊಳ್ಳಬೇಕಾಗಲಿಲ್ಲ.

ಬ್ರೆಡ್ಡು ಮಾರುವವನು ಗಾಡಿ ನಿಲ್ಲಿಸಿ, “ಅಕ್ಕಾ, ಗೇರ್ ಕಮ್ಮಿ ಮಾಡಿ!” ಎಂದ.

“ಯಾವುದು ಗೇರು?”

“ಬ್ರೇಕ್ ಲಿವರ್‌ನೇ ಒಳಗಡೆ ತಳ್ಳಿ.”

ತಳ್ಳಿದೆ. ಸರಪಳಿ ಟಕ್ಕೆಂದು ಹಾರಿತು. ರಸ್ತೆ ಹಗುರವಾಯಿತು. ಸೇತುವೆಯ ಏರು ಬಂದಾಗ ಇಳಿಯೋಣ ಅಂದುಕೊಂಡಿದ್ದೆ. ಇಳಿಯುವಷ್ಟರಲ್ಲಿ ಏರು ಮುಗಿದಿತ್ತು. ಏಳು ಸಾವಿರದ ಎಂಟುನೂರ ನಲವತ್ತು ಗ್ರಾಮು. ಅವನ ಪಂಚಾಂಗವೆಲ್ಲ ನನಗೆ ಬಾಯಿಪಾಠವಾಗಿತ್ತು. ಅರ್ಥವಾದದ್ದು ಆ ಸೇತುವೆಯ ಮೇಲೆ. ನಾನು ಜೋರಾಗಿ, “ಒಪ್ಕೊಂಡೆ ಮಾರಾಯ,” ಎಂದೆ. ಪಕ್ಕದ ಲಾರಿಯವನು ತನಗೆ ಹೇಳಿದೆನೆಂದು ತಲೆಯಾಡಿಸಿದ.

ಇಳಿಜಾರಿನಲ್ಲಿ ಬ್ರೇಕಮ್ಮನನ್ನು ಮೀರಿಸುವಷ್ಟು ಬ್ರೇಕು ಹಿಡಿದೆ.

ಗಡಿಯಾರದ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಮೂರು ಗೋಡೆಗೂ ಗಡಿಯಾರ. ಒಂದೊಂದರಲ್ಲಿ ಒಂದೊಂದು ಹೊತ್ತು. ಸೆಕೆಂಡ್ ಮುಳ್ಳು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತಿದ್ದರು. ತಲೆಯೆತ್ತಿ ಮೊದಲು ಸೈಕಲ್ಲು ನೋಡಿದರು, ಆಮೇಲೆ ಹೆಲ್ಮೆಟ್ಟು, ಕೊನೆಗೆ ನನ್ನನ್ನು. ಗಾಜು ಕಣ್ಣಿಂದ ಉದುರಿತು.

“ನಿಮ್ಮ ಪೆಡಲ್ ತಂದಿದೀನಿ,” ಎಂದೆ. “ಎಡದ್ದು ಬಿಚ್ಚೋಕೆ ಬರಲಿಲ್ಲ. ತುಕ್ಕು ಹಿಡಿದಿದೆ.”

ಅವರು ಸ್ಟೂಲಿನಿಂದಲೇ ಬಗ್ಗಿ ನೋಡಿದರು. “ತುಕ್ಕಿಲ್ಲ. ಯಾವ ಕಡೆ ತಿರುಗಿಸಿದ್ರಿ?”

“ಎಲ್ಲಾನೂ ತಿರುಗಿಸೋ ಕಡೆ. ಎಡಕ್ಕೆ.”

“ಎಷ್ಟು ಹೊತ್ತು?”

“ಎರಡು ದಿನ.” ಸತ್ಯ ಹೇಳುವುದೇ ವಾಸಿಯೆನಿಸಿತು. “ನಮ್ಮತ್ತೆ ನೇತು ಬಿದ್ದಿದ್ರು.”

ಅವರು ತುಟಿ ಬಿಗಿಹಿಡಿದರು. ಸಾವಿನ ಮನೆಯವಳ ಮುಂದೆ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ. ಮೂಗಿನಿಂದ ಶುರುವಾದ ನಗು ಹೊಟ್ಟೆಗಿಳಿದು, ಸ್ಟೂಲಿನ ಕಾಲು ಕಿರುಗುಟ್ಟಿತು.

“ಎಡದ ಪೆಡಲ್‌ದು ಉಲ್ಟಾ ತಿರುಪು, ತಾಯಿ! ಎಲ್ಲಾದರ ಹಾಗೇ ಇದ್ದಿದ್ರೆ, ತುಳೀತಾ ತುಳೀತಾ ನಮ್ಮ ಕಾಲೇ ಅದನ್ನ ಬಿಚ್ಚಿ ದಾರೀಲಿ ಉದುರಿಸ್ತಿತ್ತು. ನೀವಿಬ್ರೂ ಎರಡು ದಿನ ಅದನ್ನ ಬಿಗಿ ಮಾಡಿದೀರಾ!”

“ಅವರು ನಲ್ಲಿ ಹಾಗೆ ಅಂದ್ರು.”

“ನಲ್ಲಿ!” ಎಂದು ಮತ್ತೆ ನಕ್ಕರು. ನನಗೂ ನಗು ಬಂತು. ತುಕ್ಕು ಹಿಡಿದ ನಗು, ಕೆಮ್ಮಿನಂತೆ ಹೊರಟಿತು.

ಅವರ ಬಳಿ ಇದ್ದ ದೊಡ್ಡ ಸ್ಕ್ರೂಡ್ರೈವರು ನನ್ನ ಕಿರುಬೆರಳಿನಷ್ಟು. ಬಲದ್ದನ್ನು ನನ್ನ ಸ್ಪ್ಯಾನರಿನಲ್ಲೇ ಬಿಚ್ಚಿದರು. ಎಡದ್ದಕ್ಕೆ, ಅಂಗಡಿಯ ಶಟರು ಎಳೆಯುವ ಕಬ್ಬಿಣದ ಕೊಳವೆ ತಂದು ಸ್ಪ್ಯಾನರಿನ ಬಾಲಕ್ಕೆ ಸಿಕ್ಕಿಸಿ, ಪೆಡಲು ಕೂರುವ ಲೋಹದ ತೋಳನ್ನು ತಾವು ಗಟ್ಟಿಯಾಗಿ ಹಿಡಿದುಕೊಂಡರು. “ನೀವೇ ಒತ್ತಿ. ಬಿಗಿ ಮಾಡಿದವರೇ ಬಿಚ್ಚಬೇಕು. ಹಿಂದಿನ ಚಕ್ರದ ಕಡೆಗೆ.”

ಒತ್ತಿದೆ. ಟಕ್ ಎಂದಿತು. ಆಮೇಲೆ ಬೆರಳಲ್ಲೇ ತಿರುಗಿತು. ಕೈಯೆಲ್ಲ ಕಪ್ಪು ಗ್ರೀಸು.

ಎರಡೂ ಪೆಡಲು ನನ್ನ ಕೈಯಲ್ಲಿದ್ದವು. ಅವರು ಕೈ ಚಾಚಲಿಲ್ಲ. ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತಾ, “ಮನೇಲೇ ಇರ್ಲಮ್ಮ,” ಎಂದರು. “ಬೆಟ್ಟಕ್ಕೆ ಹೋಗಲ್ಲ ಅಂತ ಎಲ್ಲರಿಗೂ ಹೇಳಿಬಿಟ್ಟಿದೀನಿ. ಅವನು ಪಕ್ಕದಲ್ಲಿ ಬರ್ತಿದ್ದ. ಮೂವತ್ತಾರು ತಿರುವು, ತಿರುವಿಗೊಂದು ಗ್ರಾಮಿನ ಕಥೆ. ತಲೆ ತಿಂದುಬಿಡೋನು. ಆ ಕಾಟ ಇಲ್ದೆ ಹತ್ತೋದು ಹ್ಯಾಗೆ?”

ಅಷ್ಟರಲ್ಲಿ ಎಲ್ಲೋ ಗಂಟೆ ಹೊಡೆಯಿತು. ಅವರು ಗೋಡೆಯ ಕಡೆ ತಿರುಗಿ ಒಂದೊಂದೇ ಗಡಿಯಾರಕ್ಕೆ ಕಿವಿಗೊಟ್ಟರು. “ಇದು ನನ್ನದಲ್ಲವಲ್ಲ,” ಎಂದರು.

“ಅವನ ಫೋನು, ನನ್ನ ಜೇಬಲ್ಲಿ. ಕೈ ಕೊಳೆಯಾಗಿದೆ, ನೀವೇ ತೆಗೀರಿ.”

ತೆಗೆದರು. ಭೂತಗಾಜು ಹಾಕಿಕೊಂಡು ಓದಿದರು. ಗಂಟೆ ಹೊಡೆಯುತ್ತಲೇ ಇತ್ತು.

“ಮುದುಕ ಅಂತ ಬರೆದಿದ್ದಾನಾ?”

“ಬರೆದಿದ್ದಾನೆ.”

“ಮುದುಕ ಬೆಟ್ಟ ಹತ್ತಲ್ಲ?”

“ಹತ್ತಲ್ಲ.”

“ಹೋದ ಸಲ ಇಪ್ಪತ್ತೆಂಟನೇ ತಿರುವಲ್ಲಿ ನಾಲಿಗೆ ಹೊರಗೆ ಹಾಕ್ಕೊಂಡು ಕಲ್ಲಿನ ಮೇಲೆ ಕೂತಿದ್ದೋನು ಯಾರು? ಅವನ ಸೀಸೆಗೆ ನನ್ನ ಸೀಸೆಯಿಂದ ನೀರು ಹುಯ್ದೋನು ಯಾರು? ಮುದುಕ ಅಂತೆ!” ಕಣ್ಣಿನ ಗಾಜು ತೆಗೆದು ತೋಳಿನಿಂದ ಮುಖ ಒರೆಸಿಕೊಂಡರು. “ನಾಳೆ ಎಷ್ಟು ಹೊತ್ತಿಗೆ ಹೊರಡ್ತಾರಂತೆ ಅವರೆಲ್ಲ?”

“ಬ್ರೇಕಮ್ಮ ಐದೂವರೆ ಅಂದ್ರು.”

“ಐದಕ್ಕೇ ಹೊರಡ್ತೀನಿ. ಕೊಡಿ ಇಲ್ಲಿ.”

ಅಂಗೈ ಚಾಚಿದರು. ಬಲದ್ದನ್ನು ಇಟ್ಟೆ. ಎಡದ್ದು ನನ್ನ ಕೈಯಲ್ಲೇ ಉಳಿಯಿತು. ಅವರು ಕೈ ಹಿಂದೆಗೆಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ಗೋಡೆಯ ಮೇಲೆ ಗಡಿಯಾರಗಳು ಬೇರೆ ಬೇರೆ ಹೊತ್ತು ಹೇಳುತ್ತಿದ್ದವು.

“ಅದನ್ನೂ,” ಎಂದರು.

ಕೊಟ್ಟೆ.